ಇಪ್ಪತ್ತು ಲಕ್ಷ ನಿಶ್ಚಿತಾರ್ಥ, ಒಂದು ಕುರಿ

ಕಿರ್ಗಿಸ್ತಾನದ ನಮ್ಮ ಟೋಕ್ಮೋಕ್ ಊರಿನ ಹಳೇ ಬಜಾರಿನಲ್ಲಿ ಸಾಯ್ರಾಕಾನಳ ಮುಖ ನೋಡದವರು ಸಿಗಬಹುದು, ದನಿ ಕೇಳದವರು ಸಿಗುವುದಿಲ್ಲ. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಕಂಬಗಳಿಗೆ ಕಟ್ಟಿದ ಸ್ಪೀಕರುಗಳಲ್ಲಿ ಅವಳು ಶುರುಮಾಡುತ್ತಾಳೆ. ಯಾರದೋ ಮಗು ಕಳೆದಿದೆ, ಯಾರದೋ ಕಾರು ಮಾಂಸದ ಸಾಲಿಗೆ ಅಡ್ಡ ನಿಂತಿದೆ, ಚಳಿಗಾಲದ ಬೂಟುಗಳು ಬಂದಿವೆ, ಬೆಟ್ಟದ ಕಡೆ ನಾಳೆ ಹಿಮ. ನಡುನಡುವೆ ಒಂದಿಷ್ಟು ಸುದ್ದಿ. ಬಜಾರು ರೇಡಿಯೊ ಎಂದರೆ ಅರಮನೆಯೇನಲ್ಲ. ಗೇಟಿನ ಪಕ್ಕದ ಒಂದು ತುಕ್ಕು ಹಿಡಿದ ಕಬ್ಬಿಣದ ಕಂಟೇನರು. ಒಳಗೆ ಮೈಕು, ಕುರ್ಚಿ, ಚಹಾದ ಕೆಟಲು. ಅದರ ಎದುರಿಗೇ ನನ್ನ ಅಂಗಡಿ. ನಾನು ಕುರುತ್ ಮಾರುವವಳು, ಅದೇ ಮೊಸರು ಸೋಸಿ ಉಪ್ಪು ಬೆರೆಸಿ ಒಣಗಿಸಿದ ಬಿಳಿ ಉಂಡೆ. ಹೆಸರು ಉಲ್ಕಾನ್. ನನ್ನ ಬಾಯಿ ಜೋರು ಅನ್ನುತ್ತಾರೆ. ಅನ್ನುವವರ ಬಾಯಿ ಏನು ಕಡಿಮೆಯೇ?

ನಾವು ಮೊಟಕಾಗಿ ಸಾಯ್ರಾ ಎಂದು ಕರೆಯುವ ಇವಳು ಮೊದಲು ನೂಲಿನ ಗಿರಣಿಯಲ್ಲಿದ್ದಳು. ಗಿರಣಿ ಮುಚ್ಚಿದ ಮೇಲೆ ಬಜಾರಿನಲ್ಲಿ ಉಣ್ಣೆಯ ಕಾಲುಚೀಲ ಮಾರುತ್ತಿದ್ದಳು. ಒಂದು ದಿನ ಮೈಕಿನವನು ಕುಡಿದು ಮಲಗಿದ್ದಾಗ ಕಳೆದುಹೋದ ಮಗುವೊಂದರ ಹೆಸರನ್ನು ಇವಳೇ ಹೋಗಿ ಕೂಗಿದಳು. ತಾಯಿ ಸಿಕ್ಕಳು, ಮೈಕಿನವನ ಕೆಲಸ ಹೋಯಿತು, ಸಾಯ್ರಾ ಅಲ್ಲೇ ಕೂತಳು. ಕಡ್ಡಿಯಂಥ ಮೈ, ಕಂಚಿನಂಥ ದನಿ. ಕಿವಿ ಮಾತ್ರ ಬೋಳು. ನಮ್ಮಲ್ಲಿ ಗಂಡಿನ ತಾಯಿ ಬಂದು ಹುಡುಗಿಯ ಕಿವಿಗೆ ಓಲೆ ಹಾಕಿದರೆ ನಿಶ್ಚಿತಾರ್ಥವಾಯಿತು ಎಂದು ಅರ್ಥ. ಸಾಯ್ರಾಳ ಕಿವಿಗೆ ಯಾರೂ ಹಾಕಲಿಲ್ಲ, ಅವಳೂ ಆಮೇಲೆ ಕೊಂಡು ಹಾಕಿಕೊಳ್ಳಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಜೋರು ಬಾಯಿಗೂ ಒಂದು ಮರ್ಯಾದೆ ಇರುತ್ತದೆ.

ಅವಳ ದೊಡ್ಡ ಹುಚ್ಚೆಂದರೆ ಸುದ್ದಿ ಜರಡಿ ಹಿಡಿಯುವುದು. ಅದರಲ್ಲೂ "ವಿಜ್ಞಾನಿಗಳು ಕಂಡುಹಿಡಿದರು" ಎಂದು ಶುರುವಾಗುವ ಸುದ್ದಿ ಕಂಡರೆ ಮುಗಿಯಿತು, ಅಳಿಯನಾಗಲು ಬಂದ ಹುಡುಗನನ್ನು ವಿಚಾರಿಸಿದ ಹಾಗೆ ವಿಚಾರಿಸುತ್ತಾಳೆ. ಯಾವ ವಿಜ್ಞಾನಿ? ಎಲ್ಲಿಯವನು? ಯಾರನ್ನು ಕೇಳಿದ? ಒಮ್ಮೆ ಚಹಾಪುಡಿ ಮಾರುವ ಮುಸಾ ಒಂದು ಸುದ್ದಿ ತಂದು, ಹಸಿರು ಚಹಾ ಕುಡಿದರೆ ಹೃದಯಕ್ಕೆ ಒಳ್ಳೆಯದಂತೆ, ಓದು ಎಂದ. ಇವಳು ಕೆದಕಿ ನೋಡಿ ಮೈಕಿನಲ್ಲಿ ಓದಿಯೂ ಓದಿದಳು: "ಹಸಿರು ಚಹಾ ಕುಡಿದ ಹದಿನಾಲ್ಕು ಇಲಿಗಳ ಹೃದಯ ಗಟ್ಟಿಯಾಗಿದೆ. ನಮ್ಮ ಬಜಾರಿನ ಇಲಿಗಳು ಮುಸಾ ಅವರ ಅಂಗಡಿಯನ್ನು ಸಂಪರ್ಕಿಸಬೇಕು." ಮುಸಾ ಒಂದು ತಿಂಗಳು ಅವಳ ಜೊತೆ ಮಾತು ಬಿಟ್ಟಿದ್ದ.

ಇಂಥವಳೇ ನನ್ನ ಮಗಳ ನಿಶ್ಚಿತಾರ್ಥಕ್ಕೆ ಕಲ್ಲು ಹಾಕಿದಳು.

ನನ್ನ ಮಗಳು ಜಿಪಾರ್. ಔಷಧಿ ಅಂಗಡಿಯಲ್ಲಿ ಕೆಲಸ. ನಾನು ಕುರುತ್ ಉಂಡೆ ಕಟ್ಟುವುದನ್ನು ಅವಳು ಫೋನಿನಲ್ಲಿ ವಿಡಿಯೊ ಮಾಡಿ ಹಾಕಿದ್ದಳು. ಬೆಕ್ತುರ್ ಎಂಬ ಹುಡುಗ ಕೆಳಗೆ ಬರೆದ: "ಇದು ಕುರುತ್ ಅಲ್ಲ, ಕುರಿಗೆ ನೆಕ್ಕಿಸೋ ಉಪ್ಪಿನ ಗಡ್ಡೆ." ನನ್ನ ಮಗಳು ಬಿಡುತ್ತಾಳೆಯೇ? "ಹಾಗಾದ್ರೆ ಹಿಂಡಿನ ಜೊತೆ ಬಂದು ನೆಕ್ಕು" ಎಂದು ಬರೆದಳು. ಊರವರೆಲ್ಲ ಎರಡು ಪಕ್ಷವಾಗಿ ಕಿತ್ತಾಡಿದರು. ಹುಡುಗ ನಿಜವಾಗಿಯೂ ಬಂದ. ನನ್ನ ಅಂಗಡಿಯ ಮುಂದೆ ನಿಂತು ಒಂದು ಉಂಡೆ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ಬಂದರೂ "ಚೆನ್ನಾಗಿದೆ" ಎಂದ. ಆಗಲೇ ನನಗೆ ಗೊತ್ತಾಯಿತು, ಇವನು ಕುರುತ್‌ಗೆ ಬಂದವನಲ್ಲ ಎಂದು.

ತಮಾಷೆ ನೋಡಿ, ಆ ಹುಡುಗನ ತಾಯಿ ನಮ್ಮ ಬಜಾರಿನವಳೇ, ಬಟ್ಟೆ ಸಾಲಿನ ಕಾಲಿಪಾ. ನನ್ನ ಅಂಗಡಿಗೂ ಅವಳ ಅಂಗಡಿಗೂ ನಡುವೆ ಬೂಟಿನ ಸಾಲು ಒಂದೇ. ಮಕ್ಕಳು ಇಲ್ಲೇ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯಬಹುದಿತ್ತು. ಲೋಕವೆಲ್ಲ ಸುತ್ತಿ ಫೋನಿನಲ್ಲಿ ಸಿಕ್ಕರು. ಕಾಲಿಪಾ ಕೆಟ್ಟವಳಲ್ಲ, ಆದರೆ ಅಳೆಯದೆ ಒಂದು ಗೇಣು ಬಟ್ಟೆಯನ್ನೂ ಕತ್ತರಿಸುವವಳಲ್ಲ. "ಫೋನಲ್ಲಿ ಸಿಕ್ಕಿದ್ದು ಫೋನಲ್ಲೇ ಹೋಗುತ್ತೆ" ಎಂದು ಚಳಿಗಾಲವೆಲ್ಲ ಎಳೆದಾಡಿದಳು. ಕೊನೆಗೆ ಜಿಪಾರಳ ಕೈಯ ಚಹಾ ಕುಡಿದು ಒಪ್ಪಿದಳು. ಸೋಮವಾರ ಬಜಾರಿಗೆ ರಜೆ. ಅವತ್ತೇ ಬಂದು ಓಲೆ ಹಾಕುವುದೆಂದು ಮಾತಾಯಿತು. ಜಿಪಾರ್ ಕಿವಿಯಲ್ಲಿದ್ದ ಹಳೇ ಓಲೆ ಬಿಚ್ಚಿಟ್ಟು, ಬೋಳು ಕಿವಿಯಲ್ಲೇ ಕೆಲಸಕ್ಕೆ ಹೋಗತೊಡಗಿದಳು. ಬಜಾರಿನ ಬಾಯಲ್ಲೆಲ್ಲ ಆ ವಾರ ಅದೊಂದೇ ಮಾತು, ನಿಶ್ಚಿತಾರ್ಥ. ಸಾಯ್ರಾ ನನಗಿಂತ ಹೆಚ್ಚು ಕುಣಿದಾಡುತ್ತಿದ್ದಳು. ಅವತ್ತು ಹೇಳಬೇಕಾದ ಹಾರೈಕೆಯನ್ನು ಕಂಟೇನರಿನೊಳಗೆ ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದಳು.

ಗುರುವಾರ ಮಧ್ಯಾಹ್ನ, ಬೂಟಿನ ಜಾಹೀರಾತು ಮುಗಿದ ಮೇಲೆ, ಸ್ಪೀಕರಿನಲ್ಲಿ ಅವಳ ದನಿ ಬಂತು:

"ವಿದೇಶದ ವಿಶ್ವವಿದ್ಯಾಲಯವೊಂದರ ವಿಜ್ಞಾನಿಗಳು ಸಾಮಾಜಿಕ ಜಾಲತಾಣಗಳಲ್ಲಿ ನಡೆದ ಇಪ್ಪತ್ತು ಲಕ್ಷ ನಿಶ್ಚಿತಾರ್ಥಗಳನ್ನು ಪರಿಶೀಲಿಸಿದ್ದಾರೆ. ಇವುಗಳಲ್ಲಿ ಅರ್ಧದಷ್ಟು ಮೊದಲ ದಿನವೇ ಮುಗಿದುಹೋಗುತ್ತವೆ. ಸಿಟ್ಟಿನ ಮಾತಿನಿಂದ ಶುರುವಾದ ನಿಶ್ಚಿತಾರ್ಥಗಳು ಬೇಗ ಏರಿ ಬೇಗ ಇಳಿಯುತ್ತವೆ."

ನನ್ನ ಕೈಯಲ್ಲಿದ್ದ ತಕ್ಕಡಿ ಹಾಗೇ ನಿಂತಿತು. ಇಡೀ ಬಜಾರು ನನ್ನ ಕಡೆ ತಿರುಗಿತು. ಸಿಟ್ಟಿನ ಮಾತಿನಿಂದ ಶುರುವಾದದ್ದು ಯಾರದ್ದು ಎಂದು ಯಾರಿಗೆ ಗೊತ್ತಿರಲಿಲ್ಲ! ಉಪ್ಪಿನ ಗಡ್ಡೆಯ ಕತೆ ಬಜಾರಿನ ನಾಯಿಗೂ ಬಾಯಿಪಾಠ.

ಬಟ್ಟೆ ಅಳೆಯುವ ಕೋಲು ಕೈಯಲ್ಲಿ ಹಿಡಿದುಕೊಂಡೇ ಕಾಲಿಪಾ ಬಂದಳು.

"ಉಲ್ಕಾನ್, ಕೇಳಿದ್ಯಾ?"

"ಕೇಳಿದೆ, ಕಾಲಿಪಾ ಎಜೆ. ರೇಡಿಯೊ ಏನೇನೋ ಹೇಳುತ್ತೆ." ನನಗಿಂತ ಹಿರಿಯಳಲ್ಲವೇ, ಎಜೆ, ಅಂದರೆ ಅಕ್ಕ, ಎಂದೇ ಕರೆದೆ.

"ಬೇರೆ ರೇಡಿಯೊ ಏನೇನೋ ಹೇಳುತ್ತೆ. ಸಾಯ್ರಾ ಹೇಳಲ್ಲ. ಇಲೀನ ಇಲಿ ಅಂತಾನೇ ಹೇಳಿದವಳು ಅವಳು." ಅವಳು ಕೋಲನ್ನು ನೆಲಕ್ಕೆ ಊರಿದಳು. "ಸೋಮವಾರ ಬೇಡ. ಸ್ವಲ್ಪ ದಿನ ನೋಡೋಣ."

"ಎಷ್ಟು ದಿನ?"

"ನೋಡೋಣ ಅಂದ್ನಲ್ಲ!"

"ನೋಡೋಣ" ಎಂದರೇನು ಎಂದು ಹೆಣ್ಣು ಹೆತ್ತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ಅಂಗಡಿಯನ್ನು ಹಾಗೇ ಬಿಟ್ಟು ಕಂಟೇನರಿಗೆ ನುಗ್ಗಿದೆ.

"ಏನೇ, ನಿನ್ನ ನಾಲಗೆಗೆ ಬೇರೆ ಸುದ್ದಿ ಸಿಗ್ಲಿಲ್ವೇನೇ? ಸೋಮವಾರ ಇಟ್ಕೊಂಡು ಗುರುವಾರ ಇದನ್ನ ಓದೋದಾ?"

ಸಾಯ್ರಾಳ ಮುಖ ಆಗಲೇ ಬಿಳಿಚಿಕೊಂಡಿತ್ತು. "ನಾನೂ ಒದ್ದಾಡಿದೆ ಕಣೇ. ಜಿಪಾರ್ ವಿಷಯ ಅಂತ ಮುಚ್ಚಿಟ್ರೆ ಮೋಸ ಆಗಲ್ವಾ? ಎಲ್ಲಾ ನೋಡಿದೆ. ವಿಶ್ವವಿದ್ಯಾಲಯದ ಹೆಸರಿದೆ. ಪತ್ರಿಕೆ ಹೆಸರಿದೆ. ಹದಿನಾಲ್ಕು ಇಲಿ ಅಲ್ಲ, ಇಪ್ಪತ್ತು ಲಕ್ಷ ನಿಶ್ಚಿತಾರ್ಥ!"

ಬಾಗಿಲಲ್ಲಿ ಮಾಂಸದ ಸಾಲಿನ ತೊಕ್ತೊಸುನ್ ಬೈಕೆ, ಊರಿನ ನಿಶ್ಚಿತಾರ್ಥಗಳಿಗೆಲ್ಲ ಕುರಿ ಕುಯ್ಯುವ ಅಣ್ಣ, ನಿಂತಿದ್ದ, ಚಹಾಕ್ಕೆ ಬಿಸಿನೀರು ಕೇಳಲು ಬಂದವನು. ಹೊಟ್ಟೆ ಕುಲುಕಿಸಿ ನಗತೊಡಗಿದ.

"ಇಪ್ಪತ್ತು ಲಕ್ಷ ನಿಶ್ಚಿತಾರ್ಥಾನಾ? ಒಂದಕ್ಕೆ ಒಂದು ಕುರಿ ಅಂದ್ರೂ ಇಪ್ಪತ್ತು ಲಕ್ಷ ಕುರಿ! ಯಾರಮ್ಮ ಕುಯ್ದೋರು? ನನ್ನ ಕರೀಲೇ ಇಲ್ವಲ್ಲ!"

ನನಗೆ ಅವನ ಕೆಟಲನ್ನು ಕಿತ್ತು ಅವನ ತಲೆಗೇ ಹಾಕುವಷ್ಟು ಸಿಟ್ಟು ಬಂತು. ಸಾಯ್ರಾ ಮಾತ್ರ ನಗಲೂ ಇಲ್ಲ, ಬೈಯಲೂ ಇಲ್ಲ. "ಹೌದಲ್ಲ, ಅಷ್ಟು ಕುರಿ ಎಲ್ಲಿಂದ ಬಂತು" ಎಂದು ಮೆಲ್ಲಗೆ ಹೇಳಿಕೊಂಡು ಫೋನು ಕೈಗೆತ್ತಿಕೊಂಡಳು. ಅದೇ ಸುದ್ದಿಯನ್ನು ರಷ್ಯನ್ ಭಾಷೆಯಲ್ಲಿ ಹುಡುಕಿದಳು. ಓದಿದಳು. ಕುರ್ಚಿಯಲ್ಲಿ ಕುಸಿದು ತಲೆ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ ಉಲ್ಕಾನ್, ಇದರಲ್ಲಿ ಓಲೆ ಮಾತೇ ಇಲ್ಲ ಕಣೇ."

ಆದದ್ದು ಇಷ್ಟು. ಇಂಗ್ಲಿಷಿನವರಿಗೆ ಎಂಗೇಜ್ಮೆಂಟ್ ಎಂಬ ಒಂದು ಮಾತಿದೆಯಂತೆ. ನಿಶ್ಚಿತಾರ್ಥಕ್ಕೂ ಅದೇ ಮಾತು. ಜನ ಫೋನಿನಲ್ಲಿ ಕಂಡದ್ದಕ್ಕೆ ಹೃದಯ ಒತ್ತುವುದು, ಕೆಳಗೆ ಬೈದು ಬರೆಯುವುದು, ನೆಂಟರಿಗೆಲ್ಲ ಕಳಿಸುವುದು, ಈ ಎಲ್ಲಕ್ಕೂ ಅದೇ ಮಾತು. ಆ ಬಡವರಿಗೆ ಪದಗಳ ಬರ ಎಂದು ಕಾಣುತ್ತದೆ. ಕಿರ್ಗಿಜ್ ಸುದ್ದಿತಾಣದವರು ಯಂತ್ರದಿಂದ ಅನುವಾದ ಮಾಡಿಸಿದ್ದರು. ಯಂತ್ರಕ್ಕೆ ನಿಶ್ಚಿತಾರ್ಥವೇ ಇಷ್ಟವಾಯಿತು. ಆ ವಿಜ್ಞಾನಿಗಳು ಎಣಿಸಿದ್ದು ಇಪ್ಪತ್ತು ಲಕ್ಷ ಸಲ ಜನ ಬೆರಳು ಒತ್ತಿದ್ದನ್ನು. ಅರ್ಧ ಒತ್ತಾಟ ಮೊದಲ ದಿನವೇ ಮುಗಿಯುತ್ತದೆ, ಸಿಟ್ಟಿನ ಬರಹಕ್ಕೆ ಒತ್ತುವವರು ಜಾಸ್ತಿ. ಇಷ್ಟೇ ಅವರ ಮಾತು.

"ಹೋಗ್ಲಿ, ಈ ರಷ್ಯನ್‌ನವರಾದ್ರೂ ನೆಟ್ಟಗೆ ಬರೆದಿದಾರಾ ಅಂದ್ರೆ ಅದೂ ಇಲ್ಲ" ಎಂದು ಸಾಯ್ರಾ ಆ ಸಂಕಟದಲ್ಲೂ ಗೊಣಗಿದಳು. "'ಸಿಟ್ಟು ಜನರನ್ನ ಸೆಳೆಯುತ್ತೆ, ವಿಜ್ಞಾನ ಸಾಬೀತು ಮಾಡಿದೆ' ಅಂತ ತಲೆಬರಹ. ಕೆಳಗೆ ಓದಿದ್ರೆ, ಸಿಟ್ಟು ಇದ್ದಲ್ಲಿ ಜನಾನೂ ಇದ್ರು, ಅದೂ ಒಂದೇ ದೇಶದಲ್ಲಿ, ಒಂದೇ ತಾಣದಲ್ಲಿ ಅಂತಾರೆ ಅಷ್ಟೆ. ಸಿಟ್ಟಿಗೆ ಜನ ಸೇರಿದ್ರೋ, ಜನ ಸೇರಿದ್ದಕ್ಕೆ ಸಿಟ್ಟು ಬಂತೋ ಅವರಿಗೇ ಗೊತ್ತಿಲ್ಲ."

"ಸೇರಲಿ ಬಿಡಲಿ, ನನಗೇನು! ನನ್ನ ಮಗಳ ಗತಿ ಹೇಳು!"

"ತಿದ್ದಿ ಓದ್ತೀನಿ."

ಓದಿದಳು. ಗುರುವಾರವೇ ಓದಿದಳು, ಶುಕ್ರವಾರ ಬೆಳಿಗ್ಗೆ ಸಂಜೆ ಓದಿದಳು, ಶನಿವಾರವೂ ಓದಿದಳು. "ಗುರುವಾರ ಓದಿದ ಸುದ್ದಿಯಲ್ಲಿ ನಿಶ್ಚಿತಾರ್ಥ ಎಂಬ ಪದ ತಪ್ಪಾಗಿ ಬಂದಿದೆ. ಶ್ರೋತೃಗಳು ಕ್ಷಮಿಸಬೇಕು." ಯಾರು ಕೇಳಿದರು? ಆಲೂಗಡ್ಡೆ ತೂಗುವವರು ತೂಗುತ್ತಿದ್ದರು, ಚೌಕಾಸಿ ಮಾಡುವವರು ಮಾಡುತ್ತಿದ್ದರು. ಗುರುವಾರದ ಸುದ್ದಿ ಕುದುರೆ ಹತ್ತಿ ಊರು ಸುತ್ತಿ ಬಂದಿತ್ತು; ತಿದ್ದುಪಡಿ ಕಂಬದಿಂದ ಇಳಿಯಲೇ ಇಲ್ಲ. ನಾನೇ ಕಾಲಿಪಾಳ ಹತ್ತಿರ ಹೋದೆ.

"ಅದೇನೋ ಹೇಳಿದ್ಲಪ್ಪ, ಬೂಟಿನ ಜಾಹೀರಾತು ಅಂದ್ಕೊಂಡೆ" ಎಂದಳು ಅವಳು, ಬಟ್ಟೆ ಮಡಚುತ್ತಾ.

"ಪದ ತಪ್ಪಾಗಿತ್ತಂತೆ, ಎಜೆ. ನಿಶ್ಚಿತಾರ್ಥ ಅಲ್ವಂತೆ."

"ನೀನು ಅವಳ ಗೆಳತಿ, ನೀನು ಹೀಗೇ ಹೇಳ್ತೀಯ. ಗೆಳತಿಗೋಸ್ಕರ ಅವಳೂ ಹೀಗೇ ಓದ್ತಾಳೆ. ಬೆಂಕಿ ಇಲ್ದೆ ಹೊಗೆ ಆಡುತ್ತಾ?"

"ನಿಮ್ಮ ಮಗ ಏನಂತಾನೆ?"

"ಊಟ ಬಿಟ್ಟು ಕೂತಿದಾನೆ. ಕೂರಲಿ. ಒಬ್ಬನೇ ಮಗ. ನಾಳೆ ಮುರಿದುಬಿದ್ರೆ ಊರ ಬಾಯಿ ಮುಚ್ಚೋರು ಯಾರು?"

ಆ ಕೊನೆಯ ಮಾತು ಹೇಳುತ್ತಾ, ಮಡಚಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು. ಅವಳಿಗೂ ಭಯವೇ, ಪಾಪ. ಆದರೆ ಅವಳ ಭಯಕ್ಕೆ ನನ್ನ ಮಗಳು ಯಾಕೆ ಬೆಲೆ ತೆರಬೇಕು?

ಭಾನುವಾರ ಬಂತು. ವಾರದಲ್ಲಿ ಅವತ್ತೇ ದೊಡ್ಡ ಸಂತೆ, ಕಾಲಿಡಲು ಜಾಗವಿಲ್ಲ. ಜಿಪಾರ್ ನನಗೆ ಊಟ ತಂದಳು. ಓಲೆ ಬಿಚ್ಚಿಟ್ಟವಳು ಮತ್ತೆ ಹಾಕಿಕೊಂಡಿರಲಿಲ್ಲ. ಹಾಕಿಕೊಂಡರೆ ಆಸೆ ಬಿಟ್ಟ ಹಾಗೆ, ಹಾಕಿಕೊಳ್ಳದಿದ್ದರೆ ನೋಡಿದವರೆಲ್ಲ ಕೇಳುತ್ತಾರೆ. ಬೋಳು ಕಿವಿಯ ಮೇಲೆ ಕೂದಲು ಎಳೆದುಕೊಂಡು ನಿಂತಿದ್ದಳು. ಕಂಟೇನರಿನ ಕಿಟಕಿಯಲ್ಲಿ ಸಾಯ್ರಾ ಅದನ್ನೇ ನೋಡುತ್ತಿದ್ದಳು. ನೋಡಿ ನೋಡಿ, ಕೈ ತಾನಾಗಿ ತನ್ನ ಕಿವಿಯನ್ನು ಮುಟ್ಟಿಕೊಂಡಿತು. ಆಮೇಲೆ ಕಿಟಕಿಯಿಂದ ಸರಿದಳು.

ಸ್ಪೀಕರು ಗುರುಗುಟ್ಟಿತು. ಜಾಹೀರಾತಿನ ದನಿಯಲ್ಲ, ಸುದ್ದಿಯ ದನಿಯೂ ಅಲ್ಲ, ನಾನು ಆವರೆಗೆ ಕೇಳಿರದ ದನಿ.

"ಬಟ್ಟೆ ಸಾಲಿನ ಕಾಲಿಪಾ! ಏ ಕಾಲಿಪಾ! ನಿನಗೆ ಕಿವಿ ಇದೆ, ಕೇಳಿಸಲ್ಲ! ಬಾಯಿ ಇದೆ, ತಡೆ ಇಲ್ಲ! ಮೂರು ದಿನದಿಂದ ಕೂಗ್ತಿದೀನಿ, ಬೂಟು ಅಂದ್ಕೊಂಡ್ಯಾ ನನ್ನ? ಧೈರ್ಯ ಇದ್ರೆ ಬಾರೇ ಇಲ್ಲಿಗೆ!"

ದೇವರಾಣೆ, ಇಡೀ ಬಜಾರು ನಿಂತುಬಿಟ್ಟಿತು. ಎಜೆ ಎಂದು ಕರೆಯಬೇಕಾದವಳನ್ನು ಏ ಎಂದು ಕರೆದದ್ದು, ಅದೂ ಮೈಕಿನಲ್ಲಿ! ತಕ್ಕಡಿಗಳು ನಿಂತವು. ಮಾಂಸ ತುಂಬಿದ ಸಮ್ಸಾ ಸುಡುವವನು ಒಲೆ ಬಿಟ್ಟು ಬಂದ. ಪುಕ್ಕಟೆ ಜಗಳ ಸಿಕ್ಕರೆ ಬಿಡುವವರುಂಟೇ? ಬೂಟಿನ ಸಾಲಿನಿಂದ, ತರಕಾರಿ ಸಾಲಿನಿಂದ, ಎಲ್ಲೆಲ್ಲಿಂದಲೋ ಜನ ಕಂಟೇನರಿನ ಕಡೆ ಹರಿದರು. ಎಲ್ಲರಿಗಿಂತ ಮುಂದೆ ಕಾಲಿಪಾ, ಕೈಯಲ್ಲಿ ಅದೇ ಕೋಲು, ಮುಖ ಕೆಂಪಗೆ. ನಾನು ಹಿಂದಿನಿಂದಲೇ ನುಗ್ಗಿದೆ. ಒಳಗೆ ಹೋದವಳಿಗೆ ಮೊದಲು ಕಂಡದ್ದು ಮೈಕಿನ ಪಕ್ಕದ ಕೆಂಪು ದೀಪ. ಅದು ಉರಿಯುತ್ತಲೇ ಇತ್ತು. ಸಾಯ್ರಾ ಅದನ್ನು ಆರಿಸಿರಲಿಲ್ಲ.

"ಯಾರನ್ನೇ ಏ ಅಂತೀಯ?" ಕಾಲಿಪಾಳ ಕೂಗು ಸ್ಪೀಕರಿನಲ್ಲಿ ಹೊರಗೂ ಮೊಳಗಿತು. "ನೀನೇ ಓದಿದ್ದು, ನೀನೇ ಅಲ್ಲ ಅಂದಿದ್ದು, ಈಗ ನನಗೆ ಬೈಯ್ಯೋದಾ?"

"ನಾನು ಓದಿದ್ದು ತಪ್ಪು. ತಪ್ಪು, ತಪ್ಪು, ತಪ್ಪು! ಯಂತ್ರ ಒಂದು ಪದ ಕೆಡಿಸ್ತು, ನಾನು ದೊಡ್ಡ ಸಂಖ್ಯೆ ನೋಡಿ ಬೆರಗಾಗಿ ಪದ ನೋಡ್ಲಿಲ್ಲ. ಅವರು ಎಣಿಸಿದ್ದು ನಿಶ್ಚಿತಾರ್ಥ ಅಲ್ಲ, ಫೋನ್ ಮೇಲೆ ಜನ ಬೆರಳು ಒತ್ತಿದ್ದು. ಈಗ ಕೇಳಿಸ್ತಾ?"

"ಅದನ್ನ ಹೇಳೋಕೆ ನನ್ನ ಮಾನ ಕಳೀಬೇಕಿತ್ತಾ?"

"ಮರ್ಯಾದೆಯಿಂದ ಹೇಳಿದಾಗ ಒಬ್ಬರಾದ್ರೂ ತಿರುಗಿ ನೋಡಿದ್ರಾ? ಬೈದ ತಕ್ಷಣ ನೋಡು, ಬಜಾರೆಲ್ಲ ಬಂದಿದೆ!"

ಹೊರಗೆ ಯಾರೋ ಕಿಸಕ್ಕನೆ ನಕ್ಕರು. ಅದು ಕಾಲಿಪಾಳನ್ನು ಚುಚ್ಚಿತು. ಅವಳು ಆಡಬಾರದ ಮಾತು ಆಡಿಬಿಟ್ಟಳು.

"ನಿನಗೇನೇ ಗೊತ್ತು? ಓಲೆ ಹಾಕೋದು ಅಂದ್ರೆ ಏನು ಅಂತ ನಿನ್ನ ಬೋಳು ಕಿವಿಗೆ ಏನು ಗೊತ್ತು?"

ಆ ಮಾತನ್ನು ಕಂಬ ಕಂಬವೂ ಹೇಳಿತ್ತು. ನಾನು ಮೈಕಿನ ಗುಂಡಿಗೆ ಕೈ ಚಾಚಿದೆ. ಸಾಯ್ರಾ ನನ್ನ ಕೈ ಹಿಡಿದಳು.

"ಇರಲಿ ಬಿಡು, ಉಲ್ಕಾನ್. ಕೇಳಲಿ." ಅವಳ ದನಿ ಈಗ ತಗ್ಗಿತ್ತು. "ನನಗೂ ಓಲೆ ಹಾಕೋಕೆ ಒಬ್ಬರು ಹೊರಟಿದ್ರು, ಕಾಲಿಪಾ ಎಜೆ. ಗಿರಣಿಯಲ್ಲಿದ್ದಾಗ. ನನ್ನ ಕೋಣೆ ಹುಡುಗಿಗೆ ಎದೆ ರೋಗ, ಅದೇ ಕ್ಷಯ, ಆಗಿತ್ತು, ನಾನು ಆಸ್ಪತ್ರೆಗೆ ದಿನಾ ಸಾರು ತಗೊಂಡು ಹೋಗ್ತಿದ್ದೆ. ಯಾರೋ ನೋಡಿದ್ರು. 'ಸಾಯ್ರಾ ಎದೆ ರೋಗದ ಆಸ್ಪತ್ರೇಲಿದಾಳೆ' ಅಂದ್ರು. ಅದು ಸುಳ್ಳೂ ಅಲ್ಲ ನೋಡಿ, ನಾನು ಅಲ್ಲೇ ಇದ್ದೆ. ಹುಡುಗನ ತಾಯಿ ದಾರೀಲೇ ಕೇಳಿ, ಗಾಡಿ ತಿರುಗಿಸ್ಕೊಂಡು ಹೋದ್ರು. 'ಸ್ವಲ್ಪ ದಿನ ನೋಡೋಣ' ಅಂತ ಹೇಳಿ ಕಳ್ಸಿದ್ರು. ಆಗ ನನ್ನ ಹತ್ರ ಮೈಕ್ ಇರ್ಲಿಲ್ಲ."

ಇಷ್ಟು ವರ್ಷ ಎದುರೆದುರು ಕೂತು ಚಹಾ ಕುಡಿದಿದ್ದೇವೆ, ನನಗೂ ಅವಳು ಹೇಳಿರಲಿಲ್ಲ. ನನ್ನ ಕಣ್ಣಲ್ಲಿ ನೀರು ತುಂಬಿ ಎದುರಿಗಿನ ಕೆಂಪು ದೀಪ ಎರಡೆರಡಾಗಿ ಕಂಡಿತು.

ಕಾಲಿಪಾ ಕೋಲನ್ನು ಕೆಳಗಿಟ್ಟಳು. "ನಾನು ಅಂಥ ಹೆಂಗಸಲ್ಲ" ಎಂದಳು. ಮೆಲ್ಲಗೇ ಹೇಳಿದ್ದು, ಆದರೆ ಮೈಕು ಹಿಡಿದುಕೊಂಡಿತು.

"ಹಾಗಾದ್ರೆ ನಾಳೆ ಬನ್ನಿ" ಎಂದಳು ಸಾಯ್ರಾ.

"ಕುರಿ ಯಾರು ಕುಯ್ಯೋದು?" ಎಂದು ಹೊರಗಿನಿಂದ ತೊಕ್ತೊಸುನ್ ಬೈಕೆ ಕೂಗಿದ. "ಇಪ್ಪತ್ತು ಲಕ್ಷ ಬೇಡಮ್ಮ, ಒಂದಾದ್ರೂ ಹೇಳಿ!" ಬಜಾರಿಗೆ ಬಜಾರೇ ನಕ್ಕಿತು. ಕಾಲಿಪಾಳೂ ಮುಖಕ್ಕೆ ಸೆರಗಿನಂತೆ ತಲೆವಸ್ತ್ರ ಎಳೆದುಕೊಂಡು ನಕ್ಕಳು, ಅತ್ತಳೂ ಅನ್ನಿ.

ಜನ ಚದುರಿದ ಮೇಲೆ ನಾನು ಸಾಯ್ರಾಗೆ ಹೇಳಿದೆ, "ಆ ವಿಜ್ಞಾನಿಗಳ ಮಾತು ನಿಜಾನೇ ಕಣೇ. ಸಿಟ್ಟಿನ ಮಾತಿಗೇ ಜನ ಸೇರೋದು."

"ಒಂದು ಬಜಾರು, ಒಂದು ಜಗಳ. ಇದರಿಂದ ಏನೂ ಸಾಬೀತಾಗಲ್ಲ" ಎಂದಳು ಅವಳು, ಕೆಟಲು ಹಚ್ಚುತ್ತಾ. ಇಂಥವಳನ್ನು ಏನು ಮಾಡುವುದು ಹೇಳಿ!

ಸೋಮವಾರ ಕಾಲಿಪಾ ಬಂದಳು. ನನ್ನ ಮಗಳ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ಬೆಳ್ಳಿಯ ಓಲೆ ಹಾಕಿ, ಹಣೆಗೆ ಮುತ್ತಿಟ್ಟಳು. ಬೆಕ್ತುರ್ ಎರಡು ಉಂಡೆ ಕುರುತ್ ತಿಂದು ಮೂರು ಲೋಟ ನೀರು ಕುಡಿದ. ಬೀಗರಿಗೆ ಉಡುಗೊರೆಯ ಬಟ್ಟೆ ಹೊದಿಸುವ ಹೊತ್ತು ಬಂದಾಗ ಕಾಲಿಪಾ ಮೊದಲ ಶಾಲನ್ನು ನನಗೆ ಹೊದಿಸಲಿಲ್ಲ. ಬಾಗಿಲ ಬಳಿ ಚಹಾ ಬಗ್ಗಿಸುತ್ತಿದ್ದ ಸಾಯ್ರಾಳ ಕೈ ಹಿಡಿದು ಎಳೆದುತಂದು, ಬೀಗರ ಸಾಲಿನಲ್ಲಿ ಮೇಲುಗಡೆ ಕೂರಿಸಿ, ತನ್ನ ಅಂಗಡಿಯ ಅತಿ ಒಳ್ಳೆಯ ಶಾಲನ್ನು ಅವಳ ಹೆಗಲಿಗೆ ಹೊದಿಸಿದಳು. ಸಾಯ್ರಾ ಅಭ್ಯಾಸ ಮಾಡಿಟ್ಟುಕೊಂಡಿದ್ದ ಹಾರೈಕೆ ಪೂರ್ತಿ ಮರೆತುಹೋಗಿ, "ಚೆನ್ನಾಗಿರಿ, ಚೆನ್ನಾಗಿರಿ" ಎಂದಷ್ಟೇ ಎಂದಳು.

ಮಂಗಳವಾರ ಬಜಾರು ತೆರೆಯಿತು. ಬೂಟಿನ ಜಾಹೀರಾತು ಬಂತು, ಬೆಟ್ಟದ ಹಿಮ ಬಂತು. ಆಮೇಲೆ ಅವಳು ಓದಿದಳು:

"ನಿನ್ನೆ ನಮ್ಮ ಊರಿನಲ್ಲಿ ಒಂದು ನಿಶ್ಚಿತಾರ್ಥ ನಡೆಯಿತು. ಸಂಖ್ಯೆ ಒಂದೇ. ಸುದ್ದಿ ಕೊಟ್ಟವರು ಯಾರು ಎಂದರೆ, ನಾನೇ. ಕಣ್ಣಾರೆ ನೋಡಿದೆ."

ಕೊನೆಯ ಮಾತಿಗೆ ಆ ಕಂಚಿನ ದನಿ ಒಡೆಯಿತು. ಅದರಲ್ಲಿ ಬೈಗುಳ ಇರಲಿಲ್ಲವಲ್ಲ, ಯಾರೂ ತಿರುಗಿ ನೋಡಲಿಲ್ಲ. ಆಲೂಗಡ್ಡೆ ತೂಗುವವರು ತೂಗುತ್ತಲೇ ಇದ್ದರು. ನಾನು ಮಾತ್ರ ತಕ್ಕಡಿ ಕೆಳಗಿಟ್ಟು, ಕೊಳ್ಳಲು ಬಂದವಳಿಗೆ "ಸ್ವಲ್ಪ ಇರಮ್ಮ" ಎಂದು ಹೇಳಿ, ಪೂರ್ತಿ ಕೇಳಿದೆ.